ಪೆಟ್ಟಿಗೆ ತೆರೆಯುವ ಮುನ್ನ: ಗೇಮ್ ಶೋಗಳು ನಮ್ಮನ್ನು ಕಾಯಿಸುವ ಲೆಕ್ಕಾಚಾರ

ಹೋದ ವರ್ಷ ನಮ್ಮ ಸಂಘದ ರಾಜ್ಯೋತ್ಸವ ಕ್ವಿಜ್ ನಡೆಸಿದ್ದು ನಾನು. ಕೊನೆಯ ಸುತ್ತಿಗೆ ಟಿವಿಯಲ್ಲಿ ಬರೋ ಹಾಗೇ ಇರಬೇಕು ಅಂತ ಹಾಲ್‌ನ ಲೈಟ್ ಆರಿಸಿ, ಲ್ಯಾಪ್‌ಟಾಪ್‌ನಿಂದ ಎದೆಬಡಿತದ ಸೌಂಡ್ ಹಾಕಿ, ಎಲ್ಲಿಂದಲೋ ಒಂದು ತಿರುಗೋ ಕುರ್ಚಿ ತಂದು ಅದಕ್ಕೆ 'ಹಾಟ್ ಸೀಟ್' ಅಂತ ಹೆಸರಿಟ್ಟಿದ್ದೆವು. ಪ್ರಶ್ನೆ ಇದು: 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟ್ ಮೊದಲು ಹೋದದ್ದು ಎಲ್ಲಿಗೆ? ಮೈಸೂರು, ಬೆಂಗಳೂರು, ಭದ್ರಾವತಿ, ಕೋಲಾರದ ಚಿನ್ನದ ಗಣಿ.

ಕುರ್ಚಿಯಲ್ಲಿದ್ದ ಮೊದಲ ವರ್ಷದ ಹುಡುಗಿ ತಡಮಾಡದೆ "ಕೋಲಾರದ ಚಿನ್ನದ ಗಣಿ" ಅಂದಳು. ಉತ್ತರ ಸರಿ. ಆದರೆ ಇಷ್ಟು ಬೇಗ ಮುಗಿದುಹೋದರೆ ಮಜಾ ಎಲ್ಲಿ? ನಾನು ಹುಬ್ಬೇರಿಸಿ, ಸ್ವಲ್ಪ ಸುಮ್ಮನಿದ್ದು, "ಸರಿಯಾಗಿ ಯೋಚನೆ ಮಾಡಿದ್ಯಾ?" ಅಂದೆ. ಆಕೆ ನನ್ನ ಮುಖ ನೋಡಿದಳು, ಬೆಂಗಳೂರು ಅಂತ ಬದಲಾಯಿಸಿದಳು. ಹಾಲ್ ಪೂರ್ತಿ ನಕ್ಕಿತು. ಕಾರ್ಯಕ್ರಮ ಮುಗಿದ ಮೇಲೆ ಬಂದು ಒಂದೇ ಮಾತು ಹೇಳಿದಳು: "ಅಣ್ಣಾ, ನಂಗೆ ಗೊತ್ತಿತ್ತು. ನೀವು ಹಾಗೆ ಕೇಳಿದ್ದಕ್ಕೆ ತಪ್ಪು ಅನ್ಕೊಂಡೆ."

ಟಿವಿಯವರೂ ಇದನ್ನೇ ಮಾಡ್ತಾರಲ್ಲ, ನಾನು ಮಾಡಿದ್ದರಲ್ಲಿ ತಪ್ಪೇನು ಅನ್ನೋ ಪ್ರಶ್ನೆ ತುಂಬಾ ದಿನ ತಲೆಯಲ್ಲಿತ್ತು. ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ಬಿಟ್ ಮಾಹಿತಿ, ಒಂದು ನಿಮಿಷದ ಕಾಯುವಿಕೆ

1948ರಲ್ಲಿ ಕ್ಲಾಡ್ ಶಾನನ್ ಮಾಹಿತಿಯನ್ನು ಅಳೆಯುವ ಬಗೆ ತೋರಿಸಿದ್ದು ನಮಗೆ ಸಿಲಬಸ್‌ನಲ್ಲೇ ಇದೆ. ನಾಲ್ಕು ಆಯ್ಕೆ ಇದ್ದು ಏನೂ ಗೊತ್ತಿಲ್ಲದಿದ್ದರೆ ಅನಿಶ್ಚಿತತೆ 2 ಬಿಟ್. ಫಿಫ್ಟಿ-ಫಿಫ್ಟಿ ಬಳಸಿದರೆ ಎರಡು ಆಯ್ಕೆ ಹೋಗಿ 1 ಬಿಟ್ ಉಳಿಯುತ್ತದೆ. ಅದೇ ಒಂದು ಉತ್ತರದ ಮೇಲೆ 90% ನಂಬಿಕೆ ಇದ್ದರೆ, ಸರಿಯೋ ತಪ್ಪೋ ಎಂಬುದರಲ್ಲಿ ಉಳಿದಿರೋದು ಸುಮಾರು 0.47 ಬಿಟ್ ಮಾತ್ರ. ಅಂದರೆ ಸರಿ-ತಪ್ಪಿನ ಸಾಧ್ಯತೆ ಅರ್ಧರ್ಧ ಇದ್ದಾಗಲೇ ಕುತೂಹಲಕ್ಕೆ ಹೆಚ್ಚು ಜಾಗ.

ಮೆದುಳೂ ಹೆಚ್ಚುಕಮ್ಮಿ ಹೀಗೇ ನಡೆದುಕೊಳ್ಳುತ್ತದೆ. 2003ರಲ್ಲಿ ಫಿಯೊರಿಲ್ಲೊ, ಟೋಬ್ಲರ್ ಮತ್ತು ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಜ್ಯೂಸ್ ಸಿಗಬಹುದು, ಸಿಗದೇ ಇರಬಹುದು. ಸಿಗುವ ಸಾಧ್ಯತೆ ಎಷ್ಟು ಅನ್ನೋದನ್ನ ಚಿತ್ರ ಸೂಚಿಸುತ್ತದೆ. ಜ್ಯೂಸ್ ಬರುವ ಕ್ಷಣ ಹತ್ತಿರವಾದಂತೆ ಡೋಪಮೈನ್ ನರಕೋಶಗಳ ಚಟುವಟಿಕೆ ಏರುತ್ತಾ ಹೋಯಿತು. ಆ ಏರಿಕೆ ಅತಿ ಹೆಚ್ಚಾಗಿದ್ದು ಸಾಧ್ಯತೆ 50% ಇದ್ದಾಗ. ಖಂಡಿತ ಸಿಗುತ್ತೆ ಅಂತ ಗೊತ್ತಿದ್ದಾಗ ಅಲ್ಲ!

ಹಾಗಾಗಿ ಶೋ ಮಾಡುವವರ ಕೆಲಸ ಎರಡೇ: ಸಾಧ್ಯತೆಯನ್ನು ಅರ್ಧದ ಹತ್ತಿರ ತರೋದು, ಆಮೇಲೆ ಆ ಒಂದು ಬಿಟ್ ಅನ್ನು ಆದಷ್ಟು ನಿಧಾನವಾಗಿ ಕಳಿಸೋದು. ನೆಟ್‌ವರ್ಕ್ ಲ್ಯಾಬ್‌ನಲ್ಲಿ ಇಷ್ಟು ನಿಧಾನದ ಚಾನೆಲ್ ಕಟ್ಟಿದರೆ ನಮ್ಮನ್ನು ಫೇಲ್ ಮಾಡ್ತಾರೆ. ಟಿವಿಯಲ್ಲಿ ಅದಕ್ಕೇ ಜಾಹೀರಾತು ಸಿಗುತ್ತೆ.

ಸದ್ದು, ಬೆಳಕು, ಬೀಗ

'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಬ್ರಿಟನ್ನಿನ ಐಟಿವಿಯಲ್ಲಿ ಶುರುವಾದದ್ದು 1998ರ ಸೆಪ್ಟೆಂಬರ್ 4ರಂದು. ಇದರ ಸಂಗೀತ ಮಾಡಿದವರು ತಂದೆ-ಮಗ, ಕೀತ್ ಮತ್ತು ಮ್ಯಾಥ್ಯೂ ಸ್ಟ್ರಾಖನ್. ಪ್ರಶ್ನೆಯಿಂದ ಪ್ರಶ್ನೆಗೆ ಹಿನ್ನೆಲೆ ಸಂಗೀತದ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಅರ್ಧ ಸ್ವರ ಅಂದರೆ ಆವರ್ತನ ಸುಮಾರು 1.06 ಪಟ್ಟು. ಒಂದು ಹೆಜ್ಜೆಯಲ್ಲಿ ಕಿವಿಗೆ ಅಷ್ಟಾಗಿ ಗೊತ್ತಾಗೋದಿಲ್ಲ, ಆದರೆ 12 ಹೆಜ್ಜೆ ಏರಿದರೆ ಆವರ್ತನ ದುಪ್ಪಟ್ಟಾಗುತ್ತದೆ. ಮೊತ್ತ ದೊಡ್ಡದಾದಂತೆ ನಮಗೆ ಯಾಕೋ ಬಿಗಿ ಹಿಡಿದ ಹಾಗೆ ಅನ್ನಿಸೋದಕ್ಕೆ ಇದೂ ಒಂದು ಕಾರಣ. ಜೊತೆಗೆ ಸುತ್ತಲೂ ಪ್ರೇಕ್ಷಕರು, ನಡುವೆ ಎರಡೇ ಕುರ್ಚಿ, ಪ್ರಶ್ನೆ ಬರುವಾಗ ಮೇಲಿನಿಂದ ಕೆಳಕ್ಕೆ ಬಾಗಿ ಬರುವ ದೀಪಗಳು.

2000ದ ಜುಲೈ 3ರಂದು ಅಮಿತಾಭ್ ಬಚ್ಚನ್ ಇದನ್ನು ಹಿಂದಿಗೆ ತಂದಾಗಲೂ, 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿದಾಗಲೂ ಚೌಕಟ್ಟು ಅದೇ. ಭಾಷೆ ಬದಲಾಯಿತು, ನಿರೂಪಕರ ಗತ್ತು ಬದಲಾಯಿತು, ಕಾಯಿಸುವ ಕ್ರಮ ಬದಲಾಗಲಿಲ್ಲ.

ಈ ಕ್ರಮದಲ್ಲಿ ನಾನು ಗಮನಿಸದೆ ಬಿಟ್ಟಿದ್ದ ಒಂದು ಭಾಗ ಇದೆ: ಬೀಗ. "ಫೈನಲ್ ಆನ್ಸರ್?" ಅನ್ನೋ ಪ್ರಶ್ನೆ ಬರೀ ಸ್ಟೈಲ್ ಅಲ್ಲ. ಅದು ಆಟವನ್ನು ಎರಡು ಭಾಗ ಮಾಡುತ್ತದೆ. ಬೀಗ ಬೀಳುವ ಮುಂಚಿನ ಹೊತ್ತು ಆಟಗಾರನದು: ಯೋಚಿಸಬಹುದು, ಬದಲಾಯಿಸಬಹುದು, ಎದ್ದು ಹೋಗಬಹುದು. ಬಿದ್ದ ಮೇಲಿನ ಹೊತ್ತು ಶೋನದು: ಎಷ್ಟು ಎಳೆದರೂ, ಬ್ರೇಕ್ ಕೊಟ್ಟು ಬಂದರೂ ಫಲಿತಾಂಶ ಬದಲಾಗೋದಿಲ್ಲ. ಡೇಟಾಬೇಸ್ ಓದಿದವರಿಗೆ ಇದು ಕಮಿಟ್ ಇದ್ದ ಹಾಗೆ. ನಾನು ನಾಟಕ ಮಾಡಿದ್ದು ಕಮಿಟ್ ಆಗುವ ಮೊದಲು.

26 ಪೆಟ್ಟಿಗೆಗಳ ಜಾಣತನ

ಉತ್ತರವೇ ಬೇಡದ ಶೋ ಒಂದಿದೆ: ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ 'ಡೀಲ್ ಆರ್ ನೋ ಡೀಲ್'. 2005ರ ಡಿಸೆಂಬರ್‌ನಲ್ಲಿ ಎನ್‌ಬಿಸಿಯಲ್ಲಿ ಹೌವಿ ಮ್ಯಾಂಡೆಲ್ ಶುರುಮಾಡಿದ ಅಮೆರಿಕದ ಆವೃತ್ತಿಯಲ್ಲಿ 26 ಪೆಟ್ಟಿಗೆಗಳು. ಒಳಗೆ 1 ಸೆಂಟ್‌ನಿಂದ 10 ಲಕ್ಷ ಡಾಲರ್‌ವರೆಗಿನ ಮೊತ್ತ. ಆಟಗಾರ ಒಂದು ಪೆಟ್ಟಿಗೆ ತನ್ನದು ಅಂತ ಇಟ್ಟುಕೊಂಡು ಉಳಿದವನ್ನು 6, 5, 4, 3, 2 ಹೀಗೆ ಸುತ್ತುಗಳಲ್ಲಿ, ಆಮೇಲೆ ಒಂದೊಂದಾಗಿ ತೆರೆಸುತ್ತಾನೆ. ಪ್ರತಿ ಸುತ್ತಿನ ಕೊನೆಗೆ 'ಬ್ಯಾಂಕರ್' ಫೋನ್ ಮಾಡಿ ಇಷ್ಟು ಹಣ ಕೊಡ್ತೀನಿ, ಪೆಟ್ಟಿಗೆ ಬಿಟ್ಟುಕೊಡು ಅನ್ನುತ್ತಾನೆ.

ಒಂದು ಕ್ಷಣ ಯೋಚಿಸಿ. ಆಟಗಾರನ ಪೆಟ್ಟಿಗೆಯೊಳಗಿನ ಮೊತ್ತ ಮೊದಲಿನಿಂದ ಕೊನೆಯವರೆಗೆ ಒಂದೇ. ಬದಲಾಗೋದು ಅದರ ಬಗ್ಗೆ ನಮಗಿರುವ ತಿಳಿವಳಿಕೆ ಮಾತ್ರ. ತನ್ನ ಪೆಟ್ಟಿಗೆಯಲ್ಲಿ ಏನು ಇಲ್ಲ ಅನ್ನೋದನ್ನ ಒಂದೊಂದಾಗಿ ತಿಳಿಯೋದೇ ಇಡೀ ಆಟ.

ಮೊತ್ತಗಳ ಆಯ್ಕೆಯಲ್ಲೂ ಲೆಕ್ಕ ಇದೆ. ಎಲ್ಲವನ್ನೂ ಕೂಡಿ 26ರಿಂದ ಭಾಗಿಸಿದರೆ ಸರಾಸರಿ ಸುಮಾರು 1,31,477 ಡಾಲರ್. ಮಧ್ಯಾಂಕ ಎಷ್ಟು ಗೊತ್ತಾ? 875 ಡಾಲರ್! ಅರ್ಧದಷ್ಟು, ಅಂದರೆ 13 ಪೆಟ್ಟಿಗೆಗಳಲ್ಲಿ ಇರೋದು 750 ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ಸುಮಾರು ಅರ್ಧ ಸಲ ಸಣ್ಣ ಮೊತ್ತ ಹೊರಬಂದು ಜನ ಚಪ್ಪಾಳೆ ಹೊಡೆಯುತ್ತಾರೆ, ದೊಡ್ಡದೊಂದು ಹೋದಾಗ ಸ್ಟುಡಿಯೋ ನಿಟ್ಟುಸಿರು ಬಿಡುತ್ತದೆ. ಯಾರೂ ಮೋಸ ಮಾಡಬೇಕಾಗಿಲ್ಲ, ಹಂಚಿಕೆಯೇ ನಾಟಕ ಬರೆಯುತ್ತದೆ.

ಬ್ಯಾಂಕರ್ ಕೊಡುಗೆಯೂ ಹಾಗೇ. ಮೊದಲ ಸುತ್ತುಗಳಲ್ಲಿ ಉಳಿದ ಮೊತ್ತಗಳ ಸರಾಸರಿಗಿಂತ ತೀರಾ ಕಡಿಮೆ, ಹೋಗ್ತಾ ಹೋಗ್ತಾ ಸರಾಸರಿಯ ಹತ್ತಿರ. ಬೇಗ ಎದ್ದು ಹೋಗೋದು ನಷ್ಟದ ವ್ಯವಹಾರ ಆಗಿರೋದರಿಂದ ಆಟ ಮುಂದುವರಿಯುತ್ತದೆ. ಪೋಸ್ಟ್, ವಾನ್ ಡೆನ್ ಆಸೆಮ್, ಬಾಲ್ಟುಸೆನ್ ಮತ್ತು ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ 2008ರಲ್ಲಿ ಮೂರು ದೇಶಗಳ 151 ಆಟಗಾರರ ನಿರ್ಧಾರಗಳನ್ನು ಅಧ್ಯಯನ ಮಾಡಿದರು. ಆಟಗಾರರು ಮುಂದಿನ ಲೆಕ್ಕವನ್ನಷ್ಟೇ ನೋಡೋದಿಲ್ಲ, ಈಗತಾನೇ ಏನು ಕಳೆದುಕೊಂಡರು, ಏನು ಗೆದ್ದರು ಅನ್ನೋದು ಅವರ ಧೈರ್ಯವನ್ನೇ ಬದಲಾಯಿಸುತ್ತೆ ಅನ್ನೋದು ಅವರು ಕಂಡುಕೊಂಡದ್ದು.

ತೆರೆಯುವವನಿಗೆ ಗೊತ್ತಿದೆಯೇ?

ಈಗ ಮುಖ್ಯ ವಿಷಯ. ಮಾಂಟಿ ಹಾಲ್ ಸಮಸ್ಯೆ ನಿಮಗೆಲ್ಲ ಗೊತ್ತಿರುತ್ತೆ. ಮೂರು ಬಾಗಿಲು, ಒಂದರ ಹಿಂದೆ ಕಾರು. ನೀವು ಒಂದನ್ನು ಆರಿಸಿದ ಮೇಲೆ ನಿರೂಪಕ ಬೇರೊಂದು ಬಾಗಿಲು ತೆರೆದು ಮೇಕೆ ತೋರಿಸುತ್ತಾನೆ. ಬದಲಾಯಿಸಿದರೆ ಗೆಲ್ಲುವ ಸಾಧ್ಯತೆ 2/3. 1963ರಲ್ಲಿ ಶುರುವಾದ 'ಲೆಟ್ಸ್ ಮೇಕ್ ಎ ಡೀಲ್' ಶೋನ ನಿರೂಪಕನ ಹೆಸರೇ ಇದಕ್ಕೆ ಬಂತು.

ಹಾಗಾದರೆ 26ರಲ್ಲಿ 24 ಪೆಟ್ಟಿಗೆ ತೆರೆದು ಎರಡೇ ಉಳಿದು, 10 ಲಕ್ಷ ಇನ್ನೂ ಹೊರಬಂದಿಲ್ಲ ಅಂತಿಟ್ಟುಕೊಳ್ಳಿ. ಬದಲಾಯಿಸಬೇಕಾ? ಇಲ್ಲಿ ಬದಲಾಯಿಸಿದರೂ ಬಿಟ್ಟರೂ ಒಂದೇ. ತೆರೆಸಿದವನು ಆಟಗಾರನೇ, ಅವನಿಗೆ ಒಳಗೇನಿದೆ ಗೊತ್ತಿಲ್ಲ. 10 ಲಕ್ಷ ಅವನ ಪೆಟ್ಟಿಗೆಯಲ್ಲಿರುವ ಸಾಧ್ಯತೆ 1/26, ಕೊನೆಗೆ ಉಳಿಯುವ ಇನ್ನೊಂದರಲ್ಲಿರುವ ಸಾಧ್ಯತೆಯೂ 1/26. ಎರಡೂ ಸಮ, ಹಾಗಾಗಿ ಅರ್ಧರ್ಧ. ಅದೇ 24 ಪೆಟ್ಟಿಗೆಗಳನ್ನು ಎಲ್ಲ ಗೊತ್ತಿರುವವನೊಬ್ಬ 10 ಲಕ್ಷವನ್ನು ಬೇಕೆಂದೇ ಬಿಟ್ಟು ತೆರೆದಿದ್ದರೆ? ಬದಲಾಯಿಸಿದರೆ 25/26!

ಕಣ್ಣಿಗೆ ಕಾಣುವ ದೃಶ್ಯ ಎರಡರಲ್ಲೂ ಒಂದೇ. ವ್ಯತ್ಯಾಸ ಇರೋದು ತೆರೆದವನಿಗೆ ಏನು ಗೊತ್ತಿತ್ತು ಅನ್ನೋದರಲ್ಲಿ. ಗೊತ್ತಿರುವವನ ಪ್ರತಿ ನಡೆಯೂ ಮಾಹಿತಿ. ಆ ಹುಡುಗಿ ಮಾಡಿದ್ದು ಸರಿಯಾದ ಊಹೆಯೇ: ಈತನಿಗೆ ಉತ್ತರ ಗೊತ್ತು, ಈತ ಸಂಶಯ ಪಡ್ತಿದ್ದಾನೆ, ಹಾಗಾದರೆ ನನ್ನದು ತಪ್ಪು. ಸುಳ್ಳು ಸಂಕೇತ ಕಳಿಸಿದವನು ನಾನು.

ಈ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 1956ರಲ್ಲಿ ಅಮೆರಿಕದ 'ಟ್ವೆಂಟಿ-ಒನ್' ಶೋನಲ್ಲಿ ಆಟಗಾರರನ್ನು ಗಾಜಿನ ಬೂತ್‌ನಲ್ಲಿ ಕೂರಿಸುತ್ತಿದ್ದರು. ಗೆಲ್ಲುತ್ತಾ ಬಂದಿದ್ದ ಹರ್ಬರ್ಟ್ ಸ್ಟೆಂಪೆಲ್‌ಗೆ ಸೋಲಬೇಕು ಅಂತ ನಿರ್ಮಾಪಕರು ಹೇಳಿದರು. ಹಿಂದಿನ ವರ್ಷದ ಆಸ್ಕರ್ ಚಿತ್ರ ಯಾವುದು ಅನ್ನೋ ಪ್ರಶ್ನೆಗೆ 'ಮಾರ್ಟಿ' ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಟ್ಟ. ಗೆದ್ದ ಚಾರ್ಲ್ಸ್ ವಾನ್ ಡೋರನ್ ತನಗೆ ಉತ್ತರಗಳು ಮೊದಲೇ ಸಿಗುತ್ತಿದ್ದವು ಅಂತ 1959ರ ನವೆಂಬರ್ 2ರಂದು ಸಂಸತ್ ಸಮಿತಿಯ ಮುಂದೆ ಒಪ್ಪಿಕೊಂಡ. 1960ರಲ್ಲಿ ಇಂಥ ಮೋಸವನ್ನು ಅಪರಾಧ ಮಾಡುವ ಕಾನೂನು ಬಂತು.

ನಮಗೆ ಇದರಿಂದ ಏನು?

ಈ ವರ್ಷ ಕ್ವಿಜ್ ನಡೆಸೋರಿಗೆ ಮೂರು ನಿಯಮ ಬರೆದು ಕೊಟ್ಟಿದ್ದೇನೆ. ಒಂದು, "ಲಾಕ್ ಮಾಡ್ಲಾ?" ಅಂತ ಪ್ರತಿ ಉತ್ತರಕ್ಕೂ ಅದೇ ಮಾತಲ್ಲಿ, ಅದೇ ಧಾಟಿಯಲ್ಲಿ ಕೇಳಬೇಕು. ಎರಡು, ಬೀಗ ಬೀಳುವ ತನಕ ಉತ್ತರ ನಿರೂಪಕನ ಕೈಯಲ್ಲಿ ಇರಬಾರದು, ಲ್ಯಾಪ್‌ಟಾಪ್ ಮುಂದೆ ಕೂತವನ ಹತ್ತಿರ ಇರಲಿ. ಮೂರು, ಬೀಗ ಬಿದ್ದ ಮೇಲೆ ಎಷ್ಟು ಬೇಕಾದರೂ ಎಳೆಯಿರಿ, ಎದೆಬಡಿತದ ಸೌಂಡ್ ಹಾಕಿ, ಯಾರಿಗೂ ನಷ್ಟ ಇಲ್ಲ.

ಇದು ಕ್ವಿಜ್‌ಗೆ ಮಾತ್ರ ಸೀಮಿತ ಅಲ್ಲ. ಫೋನಿನ ಆ್ಯಪ್‌ಗಳಲ್ಲಿ ತಿರುಗುವ ಬಹುಮಾನದ ಚಕ್ರ ನೋಡಿದ್ದೀರಲ್ಲ? ಸಾಮಾನ್ಯವಾಗಿ ಫಲಿತಾಂಶ ಸಾಫ್ಟ್‌ವೇರ್‌ನಲ್ಲಿ ಮೊದಲೇ ತೀರ್ಮಾನ ಆಗಿರುತ್ತೆ, ಚಕ್ರ ತಿರುಗೋದು ಬರೀ ಅನಿಮೇಷನ್. ಮುಳ್ಳು ದೊಡ್ಡ ಬಹುಮಾನದ ಪಕ್ಕದಲ್ಲೇ ಬಂದು ನಿಲ್ಲುವ ಹಾಗೆ ಮಾಡೋಕೆ ಎರಡು ಸಾಲು ಕೋಡ್ ಸಾಕು. "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು" ಅಂತ ನೋಡಿದವನು ಇನ್ನೊಮ್ಮೆ ದುಡ್ಡು ಹಾಕುತ್ತಾನೆ. ನಾಳೆ ಆ ಎರಡು ಸಾಲು ಬರೆಯಿರಿ ಅಂತ ಕೇಳೋದು ನಮ್ಮನ್ನೇ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಸುಲಭ: ಈ ನಾಟಕ ಎದುರಿನವರು ನಿರ್ಧಾರ ಮಾಡಿದ ಮೇಲೆ ನಡೀತಿದೆಯೋ, ಅಥವಾ ಅವರ ನಿರ್ಧಾರವನ್ನೇ ತಿರುಗಿಸೋಕೆ ನಡೀತಿದೆಯೋ?

ಅಂದಹಾಗೆ, ಆ ಹುಡುಗಿ ಹತ್ತಿರ ಕ್ಷಮೆ ಕೇಳಿದ್ದೇನೆ. ಈ ಸಲದ ಕ್ವಿಜ್ ನಡೆಸುತ್ತಿರೋದು ಅವಳೇ. ಮೇಲಿನ ನಿಯಮಗಳಲ್ಲಿ ಎರಡನೆಯದು ಅವಳು ಸೇರಿಸಿದ್ದು.