ಆಲೆಮನೆಯ ಗಾಣದಲ್ಲಿ ಕೈಗಳ ರಕ್ಷಣೆ: ಆಳುಗಳಿಗೆ ಕೊಡತಕ್ಕ ಶಿಕ್ಷಣ

ಮಂಡ್ಯ ಜಿಲ್ಲೆಯಲ್ಲಿಯೂ ಕಬ್ಬು ಬೆಳೆಯುವ ಇತರ ಸೀಮೆಗಳಲ್ಲಿಯೂ ಹಿಂದಣ ಕಾಲದಲ್ಲಿ ಎತ್ತುಗಳು ಗಾಣವನ್ನು ತಿರುಗಿಸುತ್ತಿದ್ದುವು. ಕೂಗಿದೊಡನೆ ಎತ್ತು ನಿಲ್ಲುತ್ತಿತ್ತು. ಎತ್ತು ನಿಂತೊಡನೆ ಗಾಣವೂ ನಿಲ್ಲುತ್ತಿತ್ತು. ವಿದ್ಯುಚ್ಛಕ್ತಿಯಿಂದಲೋ ಎಣ್ಣೆಯ ಎಂಜಿನಿನಿಂದಲೋ ನಡೆಯುವ ಈಗಿನ ಗಾಣಕ್ಕೆ ಕಿವಿಯಿಲ್ಲ. ಅದು ಕಬ್ಬಿನ ಜಲ್ಲೆಯನ್ನು ಎಷ್ಟು ಬಲದಿಂದ ಒಳಗೆಳೆದುಕೊಳ್ಳುವುದೋ ಅಷ್ಟೇ ಬಲದಿಂದ ಅಂಗಿಯ ತೋಳನ್ನೂ ಬೆರಳನ್ನೂ ಎಳೆದುಕೊಳ್ಳುವುದು. ಒಂದು ಕ್ಷಣದಲ್ಲಿ ಕೈ ಕಳೆದುಕೊಂಡ ಕೂಲಿಗಾರನು ಜೀವಮಾನದ ಸಂಪಾದನೆಯನ್ನೇ ಕಳೆದುಕೊಂಡಂತಾಗುವುದು. ಇಷ್ಟಾದರೂ ಹೊಸದಾಗಿ ಬಂದ ಆಳಿಗೆ ಅನೇಕ ಕಡೆಗಳಲ್ಲಿ ದೊರೆಯುವ ಶಿಕ್ಷಣವೆಲ್ಲ “ಜೋಕೆಯಾಗಿರು” ಎಂಬ ಒಂದು ಮಾತು ಮಾತ್ರ. ಈ ಮಾತು ಶಿಕ್ಷಣವೆನಿಸದು.

ಅಪಾಯದ ಲೆಕ್ಕ

ಗಾಣದ ಉರುಳೆಯ ವ್ಯಾಸವು ೨೦ ಸೆಂಟಿಮೀಟರೆಂದೂ ಅದು ನಿಮಿಷಕ್ಕೆ ೧೫ ಸುತ್ತು ತಿರುಗುವುದೆಂದೂ ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ನೋಡುವವರ ಕಣ್ಣಿಗೆ ಇದು ನಿಧಾನವಾದ ಚಲನೆ. ಆದರೆ ಒಂದು ಸುತ್ತಿಗೆ ಸುಮಾರು ೬೩ ಸೆಂಟಿಮೀಟರಿನಂತೆ ಲೆಕ್ಕ ಹಾಕಿದರೆ ಪ್ರತಿ ಸೆಕೆಂಡಿಗೂ ಸುಮಾರು ೧೬ ಸೆಂಟಿಮೀಟರು ಒಳಗೆ ಹೋಗುವುದು. ಪ್ರಾಯದ ಗಂಡಸಿನ ಬೆರಳ ತುದಿಯಿಂದ ಮಣಿಕಟ್ಟಿನವರೆಗಿನ ಉದ್ದವು ೧೮ ಅಥವಾ ೧೯ ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಬೆರಳು ಸಿಕ್ಕಿದವನು ಕೂಗಿ, ಮತ್ತೊಬ್ಬನು ಅದನ್ನು ಕೇಳಿ, ಓಡಿಹೋಗಿ ಯಂತ್ರವನ್ನು ನಿಲ್ಲಿಸುವುದಕ್ಕೆ ಮೂರೇ ಸೆಕೆಂಡು ಹಿಡಿದರೂ ಮೊಣಕೈಯವರೆಗೆ ತೋಳು ಉರುಳೆಗಳ ನಡುವೆ ಹೋಗಿರುವುದು. ಚುರುಕಾದವನು ಕೈಯನ್ನು ಹಿಂದಕ್ಕೆ ಎಳೆದುಕೊಂಡಾನೆಂಬ ನಂಬಿಕೆಯು ಈ ಲೆಕ್ಕದ ಮುಂದೆ ನಿಲ್ಲಲಾರದು. ಆದುದರಿಂದ ಕೈಯು ಉರುಳೆಯ ಬಳಿಗೆ ಹೋಗದಂತೆ ಮಾಡುವುದೊಂದೇ ಉಪಾಯ.

ಮೊದಲು ಯಂತ್ರ, ಅನಂತರ ಶಿಕ್ಷಣ

ಬಾಯಿ ತೆರೆದ ಗಾಣದ ಮುಂದೆ ಎಷ್ಟು ಬೋಧಿಸಿದರೂ ಫಲವು ಅಲ್ಪವೇ. ಒಕ್ಕಣೆ ಯಂತ್ರಗಳಲ್ಲಿ ಅನೇಕರು ಕೈಗಳನ್ನು ಕಳೆದುಕೊಂಡ ಮೇಲೆ ೧೯೮೩ನೆಯ ಇಸವಿಯಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಯಿತು. ಅಂತಹ ಯಂತ್ರದ ಬಾಯಿಗೆ ಜೋಡಿಸುವ ದೋಣಿಯು ೯೦ ಸೆಂಟಿಮೀಟರಿಗೆ ಕಡಮೆಯಿಲ್ಲದೆ ಉದ್ದವಾಗಿರಬೇಕೆಂದೂ, ಅದರಲ್ಲಿ ೪೫ ಸೆಂಟಿಮೀಟರಿನಷ್ಟು ಭಾಗಕ್ಕೆ ಮೇಲ್ಮುಚ್ಚಳವಿರಬೇಕೆಂದೂ ಭಾರತೀಯ ಮಾನಕವು ವಿಧಿಸಿದೆ. ಇದರ ತತ್ತ್ವವು ಸುಲಭವಾದುದು: ದೋಣಿಯು ತೋಳಿಗಿಂತ ಉದ್ದವಾಗಿದ್ದರೆ ಬೆರಳು ಹಲ್ಲುಗಳನ್ನು ಮುಟ್ಟಲಾರದು. ಕಬ್ಬಿನ ಗಾಣಕ್ಕೂ ಇದೇ ತತ್ತ್ವವನ್ನು ಅನುಸರಿಸಬಹುದು. ಜಲ್ಲೆಯು ಸ್ವಭಾವತಃ ಉದ್ದವಾಗಿರುವುದರಿಂದ ಉದ್ದವಾದ ದೋಣಿಯಿಂದ ಕೆಲಸಕ್ಕೆ ಅಡ್ಡಿಯಾಗದು. ಇದರ ಜೊತೆಗೆ ಬೆಲ್ಟಿಗೂ ಹಲ್ಲುಚಕ್ರಗಳಿಗೂ ಮರೆ ಕಟ್ಟಿಸಿ, ಯಂತ್ರವನ್ನು ನಿಲ್ಲಿಸುವ ಗುಂಡಿ ಅಥವಾ ಹಿಡಿಯು ಕಬ್ಬು ಕೊಡುವವನ ಕೈಗೇ ಎಟಕುವಂತೆ ಇಡತಕ್ಕುದು. ಇವುಗಳನ್ನು ಒದಗಿಸುವುದು ಯಜಮಾನನ ಕರ್ತವ್ಯ.

ಶಿಕ್ಷಣದ ಕ್ರಮ

ಶಿಕ್ಷಣವನ್ನು ಹಂಗಾಮಿನ ಮೊದಲನೆಯ ದಿವಸ, ಒಲೆಗೆ ಬೆಂಕಿಯಿಡುವುದಕ್ಕೆ ಮುಂಚೆ, ಗಾಣದ ಎದುರಿನಲ್ಲಿಯೇ ಕೊಡಬೇಕು.

೧. ಯಂತ್ರವು ನಿಂತಿರುವಾಗ ಉರುಳೆಗಳು ಕೂಡುವ ಸ್ಥಳವನ್ನು ಪ್ರತಿಯೊಬ್ಬನಿಗೂ ಹತ್ತಿರದಿಂದ ತೋರಿಸಬೇಕು. ದೋಣಿಯ ಮೇಲೆ ಕೆಂಪು ಬಣ್ಣದ ಗೆರೆಯೊಂದನ್ನು ಎಳೆದು, ಯಂತ್ರವು ನಡೆಯುತ್ತಿರುವಾಗ ಆ ಗೆರೆಯನ್ನು ಯಾವ ಕಾರಣಕ್ಕೂ ಕೈ ದಾಟಕೂಡದೆಂದು ಗೊತ್ತುಮಾಡಬೇಕು.

೨. ಉದ್ದವಾದ ಒಂದು ಜಲ್ಲೆಯ ನಡುವೆ ಬಟ್ಟೆಯ ಚೂರೊಂದನ್ನು ಕಟ್ಟಿ, ಅನುಭವಸ್ಥನು ಅದನ್ನು ಗಾಣಕ್ಕೆ ಕೊಟ್ಟು ಕೈಬಿಡಲಿ. ಬಟ್ಟೆಯು ಉರುಳೆಯನ್ನು ಮುಟ್ಟಿದೊಡನೆ ಹೊಸ ಆಳು “ನಿಲ್ಲಿಸು” ಎಂದು ಕೂಗಲಿ. ಮತ್ತೊಬ್ಬನು ಯಂತ್ರವನ್ನು ನಿಲ್ಲಿಸಲಿ. ಚಕ್ರವು ಪೂರ್ತಿಯಾಗಿ ನಿಂತ ಮೇಲೆ, ಬಟ್ಟೆಯಿಂದಾಚೆಗೆ ಎಷ್ಟು ಜಲ್ಲೆ ಒಳಗೆ ಹೋಗಿದೆಯೆಂಬುದನ್ನು ಆ ಹೊಸ ಆಳಿನ ತೋಳಿನ ಉದ್ದಕ್ಕೆ ಹೋಲಿಸಿ ತೋರಿಸಬೇಕು. ಶಕ್ತಿಯನ್ನು ತಡೆದ ಮೇಲೆಯೂ ಚಕ್ರವು ಕೆಲವು ಸುತ್ತು ತಿರುಗುವುದನ್ನು ಅವನು ಕಣ್ಣಾರೆ ಕಾಣುವನು. ನೂರು ಮಾತುಗಳಿಗಿಂತ ಈ ಒಂದು ಪ್ರಯೋಗವು ಮನಸ್ಸಿನಲ್ಲಿ ಹೆಚ್ಚಾಗಿ ನಾಟುವುದು.

೩. ಕೈಯು ಉರುಳೆಯ ಕಡೆಗೆ ಹೋಗುವುದು ಉದ್ದವಾದ ಜಲ್ಲೆಯನ್ನು ಕೊಡುವಾಗ ಅಲ್ಲ. ಮುರಿದ ತುಂಡನ್ನೂ ಕೊನೆಯ ಗೇಣುದ್ದವನ್ನೂ ತಳ್ಳುವಾಗ. ಆದುದರಿಂದ ತುಂಡುಗಳನ್ನು ಬೇರೆ ಇಟ್ಟು, ಉದ್ದವಾದ ಜಲ್ಲೆಗಳ ನಡುವೆ ಸೇರಿಸಿ ಕೊಡುವುದನ್ನೂ, ಹಿಂದಿನ ಜಲ್ಲೆಯ ಕೊನೆಯನ್ನು ಮುಂದಿನ ಜಲ್ಲೆಯಿಂದ ತಳ್ಳುವುದನ್ನೂ ಅಭ್ಯಾಸ ಮಾಡಿಸಬೇಕು.

೪. ಗಾಣವು ಕಟ್ಟಿಕೊಂಡಾಗ ಶಕ್ತಿಯನ್ನು ತಡೆದು, ಚಕ್ರವು ಪೂರ್ತಿಯಾಗಿ ನಿಂತ ಮೇಲೆ ಬೆಲ್ಟನ್ನು ಕಳಚಿ, ಅನಂತರವೇ ಹಿಪ್ಪೆಯನ್ನು ತೆಗೆಯಬೇಕು. ಸ್ವಿಚ್ಚಿನ ಪೆಟ್ಟಿಗೆಗೆ ಬೀಗವಿದ್ದು, ಅದರ ಕೀಲಿಕೈಯು ಹಿಪ್ಪೆ ತೆಗೆಯುವವನ ಬಳಿಯಲ್ಲಿಯೇ ಇರತಕ್ಕುದು. ಎಣ್ಣೆ ಹಾಕುವುದಕ್ಕೂ ರಸದ ತೊಟ್ಟಿಯಲ್ಲಿ ಬಿದ್ದುದನ್ನು ತೆಗೆಯುವುದಕ್ಕೂ ಇದೇ ನಿಯಮ.

೫. ಗಾಣದ ಬಳಿ ಸಡಿಲವಾದ ತೋಳಿನ ಅಂಗಿ, ಜೋಲುವ ವಲ್ಲಿ ಅಥವಾ ಸೆರಗು, ಉಂಗುರ, ಬಳೆ, ಕೈದಾರಗಳು ಕೂಡದು. ಕಬ್ಬು ಕಡಿಯುವಾಗ ಗರಿಯ ಅಂಚಿನಿಂದ ರಕ್ಷಣೆಯನ್ನು ಕೊಡುವ ಕೈಚೀಲಗಳು ಗಾಣದ ಬಳಿ ಶತ್ರುಗಳಾಗುವುವು. ಚೀಲದ ತುದಿ ಸಿಕ್ಕಿದರೆ ಅದರೊಡನೆ ಕೈಯೂ ಹೋಗುವುದು. ಎರಡು ಕೆಲಸಗಳ ನಿಯಮಗಳು ಬೇರೆ ಬೇರೆಯೆಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು.

ಕಲಿತುದರ ಪರೀಕ್ಷೆ

“ತಿಳಿಯಿತೆ?” ಎಂದು ಕೇಳಿದರೆ ಯಾರೂ ಇಲ್ಲವೆನ್ನರು. ಆದುದರಿಂದ ಬಾಯಿಯ ಉತ್ತರವನ್ನು ಒಪ್ಪದೆ, ಗಾಣವು ಕಟ್ಟಿಕೊಂಡಿದೆಯೆಂದು ಭಾವಿಸಿ ಮಾಡತಕ್ಕ ಕೆಲಸವನ್ನು ಆಳಿನಿಂದಲೇ ಮಾಡಿಸಿ ನೋಡಬೇಕು. ಬೇರೆ ಸೀಮೆಯಿಂದ ಬಂದು ಕನ್ನಡವನ್ನು ಅರಿಯದ ಕೂಲಿಗಾರನಿಗೂ ಈ ರೀತಿಯ ಶಿಕ್ಷಣವು ಸುಲಭವಾಗಿ ತಿಳಿಯುವುದು. ಹೊಸಬನನ್ನು ಮೊದಲ ಕೆಲವು ದಿವಸಗಳು ಒಬ್ಬನನ್ನೇ ಗಾಣದ ಮುಂದೆ ನಿಲ್ಲಿಸಕೂಡದು. ಮಕ್ಕಳನ್ನು ಗಾಣದ ಬಳಿ ಸುಳಿಯಗೊಡಕೂಡದು. ನಿದ್ದೆಗೆಟ್ಟವನು ಕಲಿತ ಪಾಠವನ್ನು ಮರೆಯುವನು. ಆದುದರಿಂದ ರಾತ್ರಿಯ ವೇಳೆ ಆಳುಗಳನ್ನು ಆಗಾಗ್ಗೆ ಬದಲಾಯಿಸಿ, ಗಾಣದ ಬಾಯಿಯ ಮೇಲೆ ಒಳ್ಳೆಯ ದೀಪವನ್ನು ಇಡಬೇಕು. ಕೈ ಸಿಕ್ಕಿ ಕೂದಲೆಳೆಯಷ್ಟರಲ್ಲಿ ತಪ್ಪಿದ ಸಂದರ್ಭವನ್ನು ತಿಳಿಸಿದವನನ್ನು ಗದರಿಸದೆ, ಮರುದಿವಸದ ಬೆಳಗ್ಗೆ ಅದನ್ನೇ ಎಲ್ಲರಿಗೂ ಪಾಠವನ್ನಾಗಿ ಹೇಳುವುದು ಬುದ್ಧಿವಂತನಾದ ಯಜಮಾನನ ಲಕ್ಷಣ.

ಅಪಘಾತವಾದಲ್ಲಿ

ಮೊದಲು ಯಂತ್ರವನ್ನು ನಿಲ್ಲಿಸಬೇಕು. ಸಿಕ್ಕಿದ ಕೈಯನ್ನು ಬಲವಂತದಿಂದ ಎಳೆಯದೆ, ಉರುಳೆಗಳನ್ನು ಬಿಗಿದಿರುವ ತಿರುಪುಗಳನ್ನು ಸಡಿಲಿಸಿ ಬಿಡಿಸತಕ್ಕುದು. ರಕ್ತ ಸುರಿಯುವ ಸ್ಥಳವನ್ನು ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಅದುಮಿ, ಕೈಯನ್ನು ಮೇಲಕ್ಕೆತ್ತಿ ಹಿಡಿಯಬೇಕು. ಸುಣ್ಣ, ಕಾಫಿಪುಡಿ, ಅರಿಸಿನಗಳನ್ನು ಹಾಕಲಾಗದು. ತುಂಡಾದ ಬೆರಳನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಸೇರದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಟ್ಟುಕೊಂಡು ಗಾಯಾಳುವಿನೊಡನೆಯೇ ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆಯು ನೇರವಾಗಿ ತಗುಲಕೂಡದು. ಮರಳಿ ಜೋಡಿಸಬಲ್ಲ ಶಸ್ತ್ರವೈದ್ಯರಿರುವ ಆಸ್ಪತ್ರೆಯನ್ನು ಬೇಗನೆ ಸೇರಿದಷ್ಟೂ ಗುಣವಾಗುವ ಆಶೆಯು ಹೆಚ್ಚು. ಅಂತಹ ಆಸ್ಪತ್ರೆಯು ಎಲ್ಲಿದೆ, ಅಲ್ಲಿಗೆ ಯಾವ ವಾಹನದಲ್ಲಿ ಹೋಗಬೇಕು ಎಂಬುದನ್ನು ಹಂಗಾಮಿನ ಆರಂಭದಲ್ಲಿಯೇ ವಿಚಾರಿಸಿ, ಆಲೆಮನೆಯ ಗೋಡೆಯ ಮೇಲೆ ಬರೆದಿಡುವುದು ಉತ್ತಮ.

ದೋಣಿ, ಮರೆ, ಬೀಗಗಳಿಗೆ ತಗಲುವ ವೆಚ್ಚವು ಕೆಲವು ಕೊಪ್ಪರಿಗೆ ಬೆಲ್ಲದ ಬೆಲೆಯನ್ನು ಮೀರಲಾರದು; ಶಿಕ್ಷಣಕ್ಕೆ ಬೇಕಾದುದು ಅರ್ಧ ದಿವಸದ ಬಿಡುವು. ಗಾಣದ ಒಡೆಯರು ಮುಂದಿನ ಹಂಗಾಮಿಗೆ ಗಾಣವನ್ನು ತೊಳೆದು ಎಣ್ಣೆ ಹಾಕುವ ದಿವಸವೇ ಈ ಏರ್ಪಾಡುಗಳನ್ನೂ ಮಾಡಿಕೊಳ್ಳುವುದು ಒಳ್ಳೆಯದು.