ಕಿಡಿ ಎಲ್ಲಿ ನಿಂತಿತು?

ಮಕ್ಕಳೇ, ಅಂಬಾಸಿಡರ್ ಕಾರನ್ನು ನೋಡಿದ್ದೀರಾ? ಅದರ ತಯಾರಿಕೆ 2014ರಲ್ಲಿ ನಿಂತಿತು. ಹಳೆಯ ಪೆಟ್ರೋಲ್ ಅಂಬಾಸಿಡರ್ ಓಡಬೇಕಾದರೆ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು.

ಕಿಡಿ ಹುಟ್ಟುವುದು ಹೇಗೆ? ಬ್ಯಾಟರಿಯ 12 ವೋಲ್ಟ್ ವಿದ್ಯುತ್ ಇಗ್ನಿಷನ್ ಕಾಯಿಲ್‌ನ ದಪ್ಪ ತಂತಿಯ ಸುರುಳಿಯಲ್ಲಿ ಹರಿದಾಗ ಕಾಂತಕ್ಷೇತ್ರ ಉಂಟಾಗುತ್ತದೆ. ‘ಪಾಯಿಂಟ್’ ಎಂಬ ಪುಟ್ಟ ಸ್ವಿಚ್ ತೆರೆದೊಡನೆ ಮಂಡಲ ಕಡಿದು ಕಾಂತಕ್ಷೇತ್ರ ಕುಸಿಯುತ್ತದೆ. ಆಗ ಪಕ್ಕದ ತೆಳು ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ.

ಕಿಡಿ ಬಾರದಿದ್ದರೆ ಜಾಣ ಮೆಕ್ಯಾನಿಕ್ ಕಂಡದ್ದನ್ನೆಲ್ಲ ಬದಲಿಸುವುದಿಲ್ಲ. ವಿದ್ಯುತ್ತಿನ ದಾರಿ ಹಿಡಿದು ಹುಡುಕುತ್ತಾರೆ.

1. ಹೆಡ್‌ಲೈಟ್ ಮಂಕೇ? ಬ್ಯಾಟರಿ ಅಥವಾ ಅದರ ಜೋಡಣೆಯಲ್ಲಿ ದೋಷವಿರಬಹುದು.

2. ಸ್ವಿಚ್ ಹಾಕಿ, ಕಾಯಿಲ್‌ಗೆ ವಿದ್ಯುತ್ ಬರುವ ತುದಿಗೂ ಕಾರಿನ ಲೋಹದ ಮೈಗೂ ಬಲ್ಬ್ ಜೋಡಿಸಿದರೆ ಉರಿಯಬೇಕು. ಇಲ್ಲವಾದರೆ ದೋಷ ಸ್ವಿಚ್ಚಿನಲ್ಲಿ ಅಥವಾ ತಂತಿಯಲ್ಲಿ.

3. ಬಲ್ಬನ್ನು ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ತುದಿಗೆ ಜೋಡಿಸಿ ಎಂಜಿನ್ ತಿರುಗಿಸಿದರೆ ಅದು ಹತ್ತಿ ಆರಬೇಕು. ಆರದೇ ಉರಿಯುತ್ತಿದ್ದರೆ ಪಾಯಿಂಟ್ ಸರಿಯಾಗಿ ಕೂಡುತ್ತಿಲ್ಲ, ಕೊಳೆ ಕೂತಿರಬಹುದು.

ಎಚ್ಚರಿಕೆ: ಈ ಪರೀಕ್ಷೆ ಮೆಕ್ಯಾನಿಕ್ ಕೆಲಸ. ಪ್ಲಗ್ಗಿನ ತಂತಿ ಜೋರಾಗಿ ಶಾಕ್ ಹೊಡೆಯುತ್ತದೆ, ಮುಟ್ಟಬೇಡಿ. ಕೆಟ್ಟ ಟಾರ್ಚಿನಲ್ಲಿ ನೀವೂ ಹೀಗೆಯೇ ಸೆಲ್‌ನಿಂದ ಆರಂಭಿಸಿ ಹುಡುಕಿ.

ಯೋಚಿಸಿ: ಎರಡನೆಯ ಪರೀಕ್ಷೆಯಲ್ಲಿ ಉರಿದ ಬಲ್ಬ್ ಮೂರನೆಯದರಲ್ಲಿ ಒಮ್ಮೆಯೂ ಉರಿಯದಿದ್ದರೆ ದೋಷ ಎಲ್ಲಿರಬಹುದು?