ಮಡ್ಡಿಯವರನ್ನು ಮೊದಲು ಕೇಳಿರಿ

ಊರಿಗೆ ಒಂದು ಯೋಜನೆ ಬಂತೆಂದರೆ ‘ಜನರ ಸಹಭಾಗಿತ್ವ’ ಎನ್ನುವ ಮಾತೂ ಅದರ ಬೆನ್ನಿಗೇ ಬರುತ್ತದೆ. ಗುಡಿ ಕಟ್ಟೆಗೆ ಸಭೆ ಕರೆಯುತ್ತಾರೆ, ಚಹಾ ಕುಡಿಸುತ್ತಾರೆ, ಪುಸ್ತಕದಲ್ಲಿ ಸಹಿ ಇಲ್ಲವೆ ಹೆಬ್ಬೆಟ್ಟು ಹಾಕಿಸುತ್ತಾರೆ. ಸಹಭಾಗಿತ್ವ ಮುಗಿಯಿತು. ಒಂದು ಕಾಲಕ್ಕೆ ನಾನೂ ಹಂಗೇ ತಿಳಿದಿದ್ದೆ. ನಮ್ಮ ಊರಿನ ಜಲಾನಯನ ಸಮಿತಿಯಲ್ಲಿ ಕೂತು ನಾವು ಮಾಡಿದ ತಪ್ಪು, ಅದನ್ನು ತಿದ್ದಿಕೊಂಡ ರೀತಿ, ಇವೆರಡನ್ನೂ ಇಲ್ಲಿ ಬರೆಯುತ್ತೇನೆ. ನಿಮ್ಮ ಊರಲ್ಲಿ ಇಂಥ ಸಭೆ ಕೂಡುವ ಮೊದಲು ಓದಿದರೆ ಉಪಯೋಗವಾದೀತು.

ನಮ್ಮದು ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಸಣ್ಣ ಊರು. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಕೆಳಗೆ ಎರಿ ಭೂಮಿ, ಅಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ. ಮೇಲೆ ಮಡ್ಡಿ, ಅಲ್ಲಿ ಸಜ್ಜೆ, ತೊಗರಿ, ಹುರಳಿ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅಂತ ನಮ್ಮ ಕಡೆ ಹೇಳತಾರ. ಮಾತು ಖರೆ, ಆದರೆ ಯಾವ ಓಣಿ ಅಂತ ಯಾರೂ ಕೇಳುವುದಿಲ್ಲ. ಎರಿ ಇದ್ದವರ ಓಣಿಯಲ್ಲಿ ಜೋಳ ತುಂಬುತ್ತದೆ. ಮಡ್ಡಿಯ ಎರಡು ಮೂರು ಎಕರೆ ಯಾರ ಪಾಲಿಗೆ ಬಂದಿವೆ? ದಲಿತರ ಕೇರಿಯವರಿಗೆ, ತಾಂಡಾದ ಲಂಬಾಣಿಗರಿಗೆ, ಗಂಡ ಸತ್ತ ಹೆಣ್ಣುಮಕ್ಕಳಿಗೆ. ಕೆಲವರಿಗೆ ಅದೂ ಇಲ್ಲ.

ನಾವು ಮಾಡಿದ ತಪ್ಪು

ಸಿ.ಎಚ್. ಹನುಮಂತರಾವ್ ಸಮಿತಿಯ ವರದಿ 1994ರಲ್ಲಿ ಬಂತು. 1995ರ ಏಪ್ರಿಲ್‌ದಿಂದ ಜಲಾನಯನ ಕೆಲಸಕ್ಕೆ ಹೊಸ ಮಾರ್ಗಸೂಚಿ ಜಾರಿಯಾಯಿತು. ಸುಮಾರು 500 ಹೆಕ್ಟೇರಿನ ಒಂದೊಂದು ಕಿರು ಜಲಾನಯನ, ಅದಕ್ಕೆ ಊರವರದೇ ಸಮಿತಿ. ಮೇಲಿನವರು ಯೋಜನೆ ಮಾಡಿ ಕೆಳಗೆ ಕಳಿಸುವ ಪದ್ಧತಿ ಹೋಗಿ ಊರವರೇ ಯೋಜನೆ ಮಾಡಬೇಕು ಅಂತ ಅದರಲ್ಲಿತ್ತು. ಒಳ್ಳೆಯ ವಿಚಾರ.

ನಮ್ಮಲ್ಲಿ 1998ರ ಜನವರಿಯಲ್ಲಿ ಸಭೆ ಕೂಡಿತು. ಮುಂಜಾನೆ 11 ಗಂಟೆ. ಮೂವತ್ತು ನಲವತ್ತು ಗಂಡಸರು, ಕಂಬದ ಹಿಂದೆ ಮೂವರು ಹೆಂಗಸರು. ತಾಂಡಾದವರು ಒಬ್ಬರೂ ಇಲ್ಲ. ‘ಕರೆದರೂ ಬರಂಗಿಲ್ಲ ಅವರು’ ಅಂತ ಒಬ್ಬರು ಅಂದರು, ನಾವು ಗೋಣು ಹಾಕಿದೆವು. ಹಳ್ಳಕ್ಕೆ ಒಂದು ದೊಡ್ಡ ಕಟ್ಟೆ ಆಗಬೇಕು, ಕೆಳಗಿನ ಬಾವಿಗಳಿಗೆ ನೀರು ಏರುತ್ತದೆ ಅಂತ ಠರಾವಾಯಿತು. ನನ್ನ ಹೊಲವೂ ಆ ಹಳ್ಳದ ದಂಡೆಗೇ ಇತ್ತು. ನಾನೂ ಕೈ ಎತ್ತಿದೆ.

ಕಟ್ಟೆ ಆಯಿತು. ಎರಡು ವರ್ಷ ಬಾವಿ ಚೆನ್ನಾಗಿದ್ದವು. ಮೂರನೇ ಮಳೆಗಾಲಕ್ಕೆ ಕಟ್ಟೆಯ ಅರ್ಧಕ್ಕೂ ಹೆಚ್ಚು ಹೂಳು. ಅದನ್ನು ನೋಡಲು ನಿಂತಾಗ ಮಡ್ಡಿಯಲ್ಲಿ ಮೂರು ಎಕರೆ ಇದ್ದ ಒಬ್ಬ ಮುದುಕಿ ಸೊಪ್ಪಿಯ ಹೊರೆ ಇಳಿಸಿ ನನಗೆ ಹೇಳಿದಳು: ‘ತಮ್ಮಾ, ನಿಮ್ಮ ಕಟ್ಟಿ ತುಂಬಿದ್ದು ನನ್ನ ಹೊಲದ ಮಣ್ಣಿಲೆ. ನೀರು ಮ್ಯಾಲಿಂದ ಬರತದ, ನೀವು ಕೆಳಗ ಕುಂತು ಮಾತಾಡಿದ್ರಿ.’

ನಾನು ಏನೂ ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಖಾಸಗಿ ಹೊಲದ ಕೆಲಸಕ್ಕೆ ವೆಚ್ಚದ ನೂರಕ್ಕೆ ಹತ್ತರಷ್ಟು ವಂತಿಗೆಯನ್ನು ಹೊಲದವನೇ ಕೊಡಬೇಕು, ಪರಿಶಿಷ್ಟ ಜಾತಿ ಪಂಗಡದವರಾದರೆ ಐದರಷ್ಟು ಅಂತ ನಿಯಮವಿತ್ತು. ನಾವು ಏನು ಮಾಡಿದೆವು? ವಡ್ಡು ಹಾಕಿದ ಕೂಲಿಯವರ ಪಗಾರದಲ್ಲೇ ಆ ಹತ್ತರ ಪಾಲು ಮುರಿದುಕೊಂಡೆವು. ವಡ್ಡು ಹೊಲದವನದು, ವಂತಿಗೆ ಹೊಲ ಇಲ್ಲದವನದು. ಕಾಗದದ ಮೇಲೆ ‘ಜನರ ವಂತಿಗೆ ಪೂರ್ಣ’ ಅಂತ ಬರೆದೆವು. ಇಂಥದ್ದು ನಮ್ಮ ಒಂದು ಊರಲ್ಲೇ ಆದದ್ದಲ್ಲ ಅಂತ ಆಮೇಲೆ ತಿಳಿಯಿತು. ಹಂಗಂತ ತಪ್ಪು ಸಣ್ಣದಾಗುವುದಿಲ್ಲ.

ಕೇಳದೆ ಮಾಡಿದ ಕೆಲಸದ ಹಳೆಯ ಕಥೆ

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. 1956ರ ತನಕ ನಾವು ಮುಂಬೈ ಪ್ರಾಂತದಲ್ಲಿ ಇದ್ದವರು. 1942ರ ಮುಂಬೈ ಭೂಸುಧಾರಣೆ ಕಾಯ್ದೆಯ ಕೆಳಗೆ ಸಮಪಾತಳಿ ವಡ್ಡುಗಳು ಬಂದವು. ಇಳಿಜಾರಿನ ಲೆಕ್ಕ ಹಿಡಿದು ಹಾಕಿದ ವಡ್ಡು ಹೊಲದ ಮೇರೆ ನೋಡಲಿಲ್ಲ. ಆಳವಾದ ಎರಿಯಲ್ಲಿ ಅಂಥ ವಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಎರಿ ಬಿರಿದಾಗ ವಡ್ಡೂ ಬಿರಿಯುತ್ತದೆ, ಮುಂದಿನ ದೊಡ್ಡ ಮಳೆಗೆ ಒಡೆಯುತ್ತದೆ. ಎಷ್ಟೋ ಮಂದಿ ರೈತರು ಅವನ್ನು ನೇಗಿಲು ಹೊಡೆದು ಹೊಲಕ್ಕೆ ಸೇರಿಸಿಬಿಟ್ಟರು. ಹೊಲದ ಮೇರೆಗೇ ವಡ್ಡು ಹಾಕಿ, ಹೆಚ್ಚಾದ ನೀರು ಹೋಗಲು ಕಲ್ಲಿನ ಕೋಡಿ ಇಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅವರನ್ನು ಕೇಳಿದವರು ಕಡಿಮೆ. ಅಂದು ಸರಕಾರ ರೈತನನ್ನು ಕೇಳಲಿಲ್ಲ. 1998ರಲ್ಲಿ ನಾವು ರೈತರು ಮಡ್ಡಿಯವರನ್ನು ಕೇಳಲಿಲ್ಲ.

ಕೇಳುವ ಪದ್ಧತಿ

ಎರಡನೇ ಸಲ 2010ರ ನಂತರ ಕೆಲಸ ಬಂತು. 2008ರ ಮಾರ್ಗಸೂಚಿಯಲ್ಲಿ ಭೂಮಿ ಇಲ್ಲದವರ ಜೀವನೋಪಾಯಕ್ಕೆ ಅಂತಲೇ ಹಣದ ಬೇರೆ ಪಾಲು ಇಟ್ಟಿದ್ದರು. ಈ ಸಲ ಬಂದ ಕಾರ್ಯಕರ್ತರಿಗೆ ಕೇಳುವ ವಿದ್ಯೆ ಗೊತ್ತಿತ್ತು. ನೆಲದ ಮೇಲೆ ನಕ್ಷೆ ಬರೆಸಿ, ಓಡಾಡಿ ನೋಡಿ, ಓದು ಬರಹ ಇಲ್ಲದವರಿಂದಲೇ ಯೋಜನೆ ಮಾಡಿಸುವ ಈ ಪದ್ಧತಿಗೆ ‘ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆ’ ಅನ್ನುತ್ತಾರೆ. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಇದನ್ನು ಜಗತ್ತಿಗೆಲ್ಲ ತಿಳಿಸಿದರು. ನಮ್ಮ ರಾಜ್ಯದಲ್ಲಿ 1989ರ ಸುಮಾರಿಗೆ ಮೈರಾಡ ಸಂಸ್ಥೆ ಇದನ್ನು ಬಳಕೆಗೆ ತಂದಿತು. ನಾವು ಕಲಿತದ್ದು ಹೀಗೆ:

1. ಮೊದಲು ವರ್ಷದ ಲೆಕ್ಕ. ನೆಲದ ಮೇಲೆ ಹನ್ನೆರಡು ಮನೆ ಗೆರೆ ಕೊರೆದು, ಒಂದೊಂದು ತಿಂಗಳು ಊರಲ್ಲಿ ಕೆಲಸ ಎಷ್ಟು, ಹಸಿವು ಎಷ್ಟು, ಗುಳೆ ಎಷ್ಟು ಅಂತ ಕಾಳು ಇಡಿಸಿರಿ. ತಾಂಡಾದವರು ದೀಪಾವಳಿ ಸುತ್ತ ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಲಾಪುರದ ಕಡೆ ಹೋಗುತ್ತಾರೆ, ಯುಗಾದಿ ಹೊತ್ತಿಗೆ ಬರುತ್ತಾರೆ. ಇನ್ನು ಕೆಲವರು ವಿಜಯಪುರಕ್ಕೆ ಹೋಗಿ ಗೋವಾ ಬಸ್ಸು ಹತ್ತುತ್ತಾರೆ. ನಾವು ಜನವರಿಯಲ್ಲಿ ಸಭೆ ಕರೆದು ‘ಬರಂಗಿಲ್ಲ’ ಅಂದಿದ್ದೆವು! ಅವರು ಊರಲ್ಲಿ ಇರುವ ತಿಂಗಳು ನೋಡಿ ಸಭೆ ಇಡಿರಿ. ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿದು ಮುಗಿದ ಮೇಲಿನ ಹೊತ್ತು ಬೇಕು. ಜಾಗ ಗುಡಿ ಕಟ್ಟೆ ಬ್ಯಾಡ, ಅವರ ಓಣಿಗೇ ಹೋಗಿರಿ.

2. ನೆಲದ ನಕ್ಷೆ. ರಂಗೋಲಿ, ಬೂದಿ, ಕಲ್ಲು ಸಾಕು. ಪೆನ್ನು ಹಾಳೆ ತಂದರೆ ಓದಿದವನೇ ಬರೆಯುತ್ತಾನೆ. ಬರೆಯುವ ಕೋಲು ಯಾರ ಕೈಯಲ್ಲಿದೆ ನೋಡುತ್ತಿರಿ. ಗಂಡಸರು, ಹೆಂಗಸರು ಬೇರೆ ಬೇರೆ ಬರೆಯಲಿ. ನಮ್ಮ ಗಂಡಸರು ರಸ್ತೆ, ಬಾವಿ, ಗುಡಿ ಬರೆದರು. ಹೆಂಗಸರು ಕುಡಿಯುವ ನೀರಿನ ದಾರಿ, ಉರುವಲ ಸಿಗುವ ಜಾಗ, ಹುಲ್ಲು ಕೊಯ್ಯುವ ಬದು, ಬಯಲಕಡೆಗೆ ಹೋಗುವ ಜಾಗ ಬರೆದರು. ಊರು ಒಂದೇ, ನಕ್ಷೆ ಎರಡು.

3. ಮೇಲಿನಿಂದ ನಡೆಯಿರಿ. ಮಡ್ಡಿಯ ನೆತ್ತಿಯಿಂದ ಹಳ್ಳದ ತನಕ ಎಲ್ಲರೂ ಕೂಡಿ ನಡೆಯಬೇಕು. ಆಯಾ ಹೊಲ ಬಂದಾಗ ಆ ಹೊಲದವರೇ ಮಾತಾಡಬೇಕು, ಉಳಿದವರು ಸುಮ್ಮನಿರಬೇಕು. ಆ ಮುದುಕಿ ತನ್ನ ಹೊಲದಲ್ಲಿ ಮಣ್ಣು ಯಾವ ಮೂಲೆಯಿಂದ ಒಡೆದು ಹೋಗುತ್ತದೆ ಅಂತ ಕಾಲಿನಿಂದ ಗೆರೆ ಎಳೆದು ತೋರಿಸಿದಳು. ಕಂದಕ ಅಲ್ಲಿಂದಲೇ ಶುರುವಾಯಿತು.

4. ಮನೆಗಳ ವಿಂಗಡಣೆ. ಒಂದೊಂದು ಮನೆಗೆ ಒಂದು ಚೀಟಿ. ಸ್ವಂತ ಜೋಳ ಎಷ್ಟು ತಿಂಗಳಿಗೆ ಸಾಕಾಗುತ್ತದೆ, ಗುಳೆ ಹೋಗುತ್ತಾರೋ ಇಲ್ಲವೋ, ದುಡಿಯುವ ಕೈ ಎಷ್ಟು, ಇವನ್ನು ನೋಡಿ ಮೂರು ಗುಂಪು ಮಾಡಿಸಿರಿ. ಬರೀ ಎಕರೆ ಲೆಕ್ಕ ಹಿಡಿಯಬ್ಯಾಡಿರಿ. ಇದನ್ನು ತುಂಬಿದ ಸಭೆಯಲ್ಲಿ ಮಾಡಿದರೆ ಮಂದಿಯ ಮಾನ ಹೋಗುತ್ತದೆ. ಮೂರು ಕಡೆ ಸಣ್ಣ ಗುಂಪಿನಲ್ಲಿ ಮಾಡಿ ತಾಳೆ ನೋಡಬೇಕು.

5. ಕೈ ಎತ್ತಿಸಬ್ಯಾಡಿರಿ, ಬೀಜ ಇಡಿಸಿರಿ. ನಾಳೆ ಕೂಲಿಗೆ ಕರೆಯುವವನ ಎದುರಿಗೆ ಬಡವ ಕೈ ಎತ್ತುವುದಿಲ್ಲ. ಬೇಕಾದ ಕೆಲಸಗಳ ಚಿತ್ರ ಇಟ್ಟು ಒಬ್ಬೊಬ್ಬರಿಗೆ ಹತ್ತು ಹುಣಸೆ ಬೀಜ ಕೊಡಿರಿ. ಹೆಚ್ಚು ಬೇಕಾದುದಕ್ಕೆ ಹೆಚ್ಚು ಬೀಜ ಇಡುತ್ತಾರೆ. ಆಯಾ ಗುಂಪಿನ ಬೀಜ ಬೇರೆ ಬೇರೆ ಎಣಿಸಿರಿ. ಎಲ್ಲ ಕೂಡಿಸಿದರೆ ಸಣ್ಣ ಗುಂಪಿನ ಮಾತು ಮುಳುಗುತ್ತದೆ.

6. ಲೆಕ್ಕ ಓದಿ ಹೇಳಿರಿ. ಯಾರಿಗೆ ಎಷ್ಟು ದಿನದ ಕೂಲಿ, ಯಾರ ವಂತಿಗೆ ಎಷ್ಟು ಅಂತ ಗೋಡೆಗೆ ಬರೆಯುವುದು ಸಾಲದು, ಓಣಿಯಲ್ಲಿ ನಿಂತು ದನಿ ಎತ್ತಿ ಓದಬೇಕು. ವಂತಿಗೆಯನ್ನು ಹೊಲದವನೇ ಕೊಡಬೇಕು.

ಸಣ್ಣ ಸಂಘದ ಬಲ

ಒಬ್ಬೊಬ್ಬರೇ ಮಾತಾಡದವರು ಹದಿನೈದು ಇಪ್ಪತ್ತು ಮಂದಿ ಕೂಡಿದರೆ ಮಾತಾಡುತ್ತಾರೆ. 1980ರ ದಶಕದ ನಡುವೆ ಮೈರಾಡದ ದೊಡ್ಡ ಸಹಕಾರಿ ಸಂಘಗಳು ಒಡೆದಾಗ, ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇದ್ದವರು ಸಣ್ಣ ಸಣ್ಣ ಗುಂಪಾದರು. ಸ್ವಸಹಾಯ ಸಂಘದ ಒಂದು ಮೂಲ ಅದೇ. 1992ರಲ್ಲಿ ನಬಾರ್ಡ್ ಇಂಥ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ನಮ್ಮ ಊರಲ್ಲಿಯೂ ಸಂಘದ ಹೆಂಗಸರು ಬಂದ ಮೇಲೆಯೇ ಸಭೆಯಲ್ಲಿ ಕಂಬದ ಹಿಂದೆ ನಿಲ್ಲುವುದು ತಪ್ಪಿತು. ‘ಕೂಲಿ ನಮ್ಮ ಕೈಗೇ ಕೊಡ್ರಿ’ ಅಂತ ಅವರು ಕೇಳಿದ ಮೊದಲ ಮಾತು.

ಇನ್ನೂ ಉಳಿದ ಕೆಲಸ

ಎರಡನೇ ಸಲ ಎಲ್ಲ ಸರಿಯಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮಡ್ಡಿಯಲ್ಲಿ ಕಂದಕ, ವಡ್ಡು, ಕಲ್ಲಿನ ಕೋಡಿ ಆದವು. ಮಣ್ಣು ನಿಂತಿತು, ಕಟ್ಟೆಗೆ ಹೂಳು ಬರುವುದು ಕಡಿಮೆಯಾಯಿತು. ಕೆಳಗಿನ ನಮಗೂ ಲಾಭ. ಆದರೆ ಗೈರಾಣದಲ್ಲಿ ಗಿಡ ಹಚ್ಚಿ ದನಕರು ಬಿಡದಂತೆ ಬೇಲಿ ಹಾಕಿದೆವು. ಆಡು ಸಾಕಿ ಬದುಕುವ ನಾಲ್ಕೈದು ಮನೆಯವರನ್ನು ಕೇಳಿರಲಿಲ್ಲ. ಅವರು ಆಡು ಮಾರಬೇಕಾಯಿತು. ಗೈರಾಣವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲು ಮಾತ್ರ ಮುಚ್ಚಬಹುದಿತ್ತು. ಈ ಉಪಾಯ ಹೇಳಿದವನು ಆಡು ಮಾರಿದ ಮೇಲೆ ಸಿಕ್ಕ ಒಬ್ಬ ಕುರಿಗಾಹಿಯೇ.

ಈಗ ನಮ್ಮ ಕಡೆ ಕೃಷ್ಣೆಯ ನೀರು ಕೆರೆಗಳಿಗೆ ಬಂದಿದೆ. ತಿಕೋಟಾ ಭಾಗದಲ್ಲಿ ದ್ರಾಕ್ಷಿ, ಒಣದ್ರಾಕ್ಷಿಯ ಶೆಡ್ಡುಗಳು ಮೊದಲೇ ಇದ್ದವು, ಕಬ್ಬೂ ಏರುತ್ತಿದೆ. ನೀರು ಬಂದದ್ದು ಸಂತೋಷ. ಆದರೆ ಕೆರೆ ತುಂಬಿದರೂ ಮಡ್ಡಿಗೆ ನೀರು ಏರುವುದಿಲ್ಲ, ಪಂಪು ಇದ್ದವನೇ ಎತ್ತುತ್ತಾನೆ. ಕೆರೆಯ ಮೀನು ಯಾರಿಗೆ, ಅಂಚಿನ ಹುಲ್ಲು ಯಾರಿಗೆ, ಹೂಳು ಮಣ್ಣು ಮೊದಲು ಯಾವ ಹೊಲಕ್ಕೆ ಅನ್ನುವುದನ್ನು ಈಗಲೇ ಕೂತು ಮಾತಾಡಬೇಕು. ಹೂಳಿನ ಮೊದಲ ಗಾಡಿ ಮಡ್ಡಿಗೇ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಅದು ಅಲ್ಲಿಂದಲೇ ಬಂದ ಮಣ್ಣು.

ಆ ಮುದುಕಿ ಈಗಿಲ್ಲ. ಅವಳ ಮೂರು ಎಕರೆ ಮಗಳು ನೋಡುತ್ತಾಳೆ, ಹೋದ ವರ್ಷ ತೊಗರಿ ಚಲೋ ಬಂದಿತ್ತು. ನಮ್ಮ ಊರಲ್ಲಿ ಈಗ ಸಭೆ ಕೂಡಿದರೆ ಮೊದಲ ಮಾತು ಅವಳದು, ನಮ್ಮ ಸರದಿ ಆಮೇಲೆ. ನಿಮ್ಮ ಊರಲ್ಲಿ ಮೊದಲು ಯಾರು ಮಾತಾಡುತ್ತಾರೆ ಅಂತ ಮುಂದಿನ ಸಭೆಯಲ್ಲಿ ಎಣಿಸಿ ನೋಡಿರಿ.